ಪತ್ತನಾಜೆಯೊಳಗೆ ಒಮ್ಮೆ ಬಾನೆಟ್ ತೆರೆ: ಗೆಳೆಯನಿಗೊಂದು ಪತ್ರ

ಮಂಗಳೂರು
ಮೇ ಮೊದಲ ವಾರ

ಪ್ರೀತಿಯ ಸುಧೀರ,

ಏಳು ವರ್ಷ ಹಳೆಯ ಪೆಟ್ರೋಲ್ ಕಾರು ತೆಗೆದುಕೊಂಡಿದ್ದೇನೆ, ಇನ್ನು ಸಣ್ಣಪುಟ್ಟ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳಬೇಕು, ಯಾವ ಸ್ಪ್ಯಾನರ್ ಸೆಟ್ ತರಲಿ ಎಂದು ಕೇಳಿದ್ದೀಯ. ಕೇಳಿ ಖುಷಿಯಾಯಿತು. ಆದರೆ ಮೊದಲ ತಿಂಗಳು ನಿನಗೆ ಸ್ಪ್ಯಾನರೇ ಬೇಡ. ಗ್ಲೋವ್ ಬಾಕ್ಸಿನಲ್ಲಿ ಬಿದ್ದಿರುವ ಓನರ್ಸ್ ಮ್ಯಾನುವಲ್, ಒಂದು ಟಾರ್ಚ್, ಟೈರಿನ ಗಾಳಿ ನೋಡುವ ಗೇಜ್, ಹಳೆಯ ಬನಿಯನ್ ಬಟ್ಟೆ, ಇಷ್ಟಿದ್ದರೆ ಸಾಕು. ಮೊದಲು ನೋಡಲು ಕಲಿ, ಬಿಚ್ಚುವುದು ಆಮೇಲೆ. ಮ್ಯಾನುವಲ್ ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಮಾಡೆಲ್ ಮತ್ತು ವರ್ಷ ಹಾಕಿ ಹುಡುಕು, ಹೆಚ್ಚಾಗಿ ಸಿಗುತ್ತದೆ. ನಾನು ಇಲ್ಲಿ ಬರೆಯುವ ಅಂಕಿಗೂ ಅದರಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಮ್ಯಾನುವಲ್ ಹೇಳಿದ್ದೇ ಸರಿ.

ಒಂದು ಮಾತು ತಲೆಯಲ್ಲಿಟ್ಟುಕೊ. ಸರ್ವಿಸ್ ಪುಸ್ತಕದಲ್ಲಿ ಹೆಚ್ಚಾಗಿ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂಬ ಲೆಕ್ಕ ಇರುತ್ತದೆ. ಅದು ದೇಶಕ್ಕೆಲ್ಲ ಒಂದೇ ಲೆಕ್ಕ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ, ಉಳಿದ ತಿಂಗಳು ಉಪ್ಪುಗಾಳಿ ಬೀಸುವ ನಮ್ಮ ಊರಲ್ಲಿ ಕಾರು ಓಡಿ ಹಾಳಾಗುವುದಕ್ಕಿಂತ ನೆನೆದು ಹಾಳಾಗುವುದೇ ಹೆಚ್ಚು. ಹಾಗಾಗಿ ಕ್ಯಾಲೆಂಡರಿನಲ್ಲಿ ಎರಡು ದಿನಕ್ಕೆ ಗುರುತು ಹಾಕು: ಮೇ ಕೊನೆಯ ವಾರದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ, ಮತ್ತೆ ನವರಾತ್ರಿಯ ಆಯುಧಪೂಜೆ. ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮಳೆಯ ತಯಾರಿ ಮುಗಿದಿರಬೇಕು. ಗಾಡಿಗೆ ಹೂ ಹಾಕುವ ಮೊದಲು ಮಳೆ ಮಾಡಿಹೋದ ಹಾನಿಯನ್ನು ನೋಡಿ ಆಗಿರಬೇಕು. ಉಳಿದಂತೆ ತಿಂಗಳಿಗೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಒಂದು ಹದಿನೈದು ನಿಮಿಷ ಕೊಡು.

ಆ ಹದಿನೈದು ನಿಮಿಷದಲ್ಲಿ ಮೊದಲು ಎಂಜಿನ್ ಆಯಿಲ್. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ನಮ್ಮ ಕಡೆ ಗೇಟಿನಿಂದ ಅಂಗಳಕ್ಕೆ ಹೆಚ್ಚಾಗಿ ಇಳಿಜಾರು, ಅಲ್ಲೇ ಓರೆಯಾಗಿ ನಿಲ್ಲಿಸಿ ನೋಡಿದರೆ ಅಳತೆ ತಪ್ಪುತ್ತದೆ. ಓಡಿಸಿ ಬಂದದ್ದಾದರೆ ಎಂಜಿನ್ ಆಫ್ ಮಾಡಿ ಐದರಿಂದ ಹತ್ತು ನಿಮಿಷ ಬಿಡು, ಮೇಲೆ ಹೋದ ಆಯಿಲ್ ಎಂಜಿನ್ನಿನ ತಳದ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯಲಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡು. ಮೊದಲ ಸಲ ಎಳೆದಾಗ ಕಾಣುವ ಗುರುತನ್ನು ನಂಬಬೇಡ. ಕೊಳವೆಯ ಬದಿಗೆ ಅಂಟಿದ ಆಯಿಲ್ ಕಡ್ಡಿಗೆ ಮೇಲಿನವರೆಗೂ ಮೆತ್ತಿಕೊಂಡಿರುತ್ತದೆ. ತುದಿಯ ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಸಣ್ಣ ಕಾರುಗಳಲ್ಲಿ ಸುಮಾರು ಮುಕ್ಕಾಲರಿಂದ ಒಂದು ಲೀಟರ್ ಹಿಡಿಯುತ್ತದೆ. ಕಡಿಮೆ ಕಂಡರೆ ಇನ್ನೂರು ಮಿಲಿ ಹಾಕು, ಎರಡು ನಿಮಿಷ ಬಿಡು, ಮತ್ತೆ ಅಳೆ. ಸ್ವಲ್ಪ ಜಾಸ್ತಿಯೇ ಇರಲಿ ಎಂದು ಮೇಲಿನ ಗುರುತು ದಾಟಿಸಬೇಡ. ಮಟ್ಟ ಹೆಚ್ಚಾದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯನ್ನು ಪಂಪ್ ಸರಿಯಾಗಿ ತಳ್ಳಲಾರದು, ಬೇರಿಂಗಿಗೆ ಬೇಕಾದ ಒತ್ತಡ ಸಿಗುವುದಿಲ್ಲ, ಸೀಲುಗಳು ಸೋರಲು ಶುರುವಾಗುತ್ತವೆ.

ಆಯಿಲ್ ಕಪ್ಪಾಗಿದೆ ಎಂದು ಹೆದರಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ. ಆದರೆ ಅದರಲ್ಲೂ ಒಂದು ಸೂಕ್ಷ್ಮ ಉಂಟು. ಡಿಪ್‌ಸ್ಟಿಕ್ಕಿನಲ್ಲೇ ಆ ಬಣ್ಣ ಇದ್ದು, ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ, ಎಂಜಿನ್ನಿನ ಮೇಲ್ಭಾಗವನ್ನು ಸೀಲ್ ಮಾಡುವ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಾತ್ರ ಒಂದಿಷ್ಟು ಕೆನೆಯಂತಹದು ಕಂಡು, ಡಿಪ್‌ಸ್ಟಿಕ್ ಚೊಕ್ಕವಾಗಿದ್ದರೆ ಅದು ಹೆಚ್ಚಾಗಿ ಗಾಳಿಯ ತೇವ. ಮಣಿಪಾಲದಿಂದ ಉಡುಪಿಗೆ ಹೋಗಿ ಬರುವಷ್ಟೇ ಓಟವಿದ್ದರೆ ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಎಂಜಿನ್ ನಿಂತುಬಿಡುತ್ತದೆ, ಒಳಗಿನ ತೇವ ಆವಿಯಾಗಿ ಹೊರಹೋಗುವುದಿಲ್ಲ. ವಾರಕ್ಕೊಮ್ಮೆ ಕುಂದಾಪುರದ ಕಡೆಗೋ ಪಡುಬಿದ್ರಿಯ ಕಡೆಗೋ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸು. ಇಂತಹ ಚಿಕ್ಕ ಓಟದ ಕಾರಿಗೆ ವರ್ಷದ ಲೆಕ್ಕವನ್ನು ಖಂಡಿತ ತಪ್ಪಿಸಬಾರದು. ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿದರೂ ಆಯಿಲ್ ಬದಲಿಸಲೇಬೇಕು.

ಕೂಲೆಂಟ್ ನೋಡುವುದು ಸುಲಭ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ಗೆರೆ ಇರುತ್ತದೆ, ತಣ್ಣಗಿರುವಾಗ ನಡುವೆ ಇರಬೇಕು. ಬಿಸಿ ಎಂಜಿನ್ನಿನಲ್ಲಿ ಮುಚ್ಚಳ ತೆರೆಯಲೇಬಾರದು. ಒಳಗಿರುವ ದ್ರವ ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ನಮ್ಮ ಊರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಬರೀ ನೀರು ಸಾಕಲ್ಲವೇ ಎಂದು ಕೆಲವರು ಹೇಳುತ್ತಾರೆ. ಸಾಲದು. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಉಂಟು, ಅದು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಬಾವಿ ನೀರು ತುಂಬಿಸಿದರೆ ಅಲ್ಯೂಮಿನಿಯಂ ರೇಡಿಯೇಟರ್ ಒಳಗಿಂದಲೇ ಸವೆಯುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ನೀರು ಬೆರೆಸಿಯೇ ಬರುವುದೋ, ನಾವು ಬೆರೆಸಬೇಕಾದ ಗಟ್ಟಿ ದ್ರಾವಣವೋ ಎಂದು ಡಬ್ಬದ ಮೇಲೆ ಓದು. ಗಟ್ಟಿಯದಾದರೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸುವುದು ವಾಡಿಕೆ. ಬಣ್ಣ ನೋಡಿ ಕೊಳ್ಳಬೇಡ, ಹಸಿರು–ಕೆಂಪು ಎಂಬುದು ಕಂಪನಿಗೊಂದು ತರ. ಮ್ಯಾನುವಲ್ಲಿನಲ್ಲಿರುವ ಬಗೆಯನ್ನೇ ಕೇಳು. ಚೆಲ್ಲಿದರೆ ತಕ್ಷಣ ತೊಳೆ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ತಿಂಗಳಿಂದ ತಿಂಗಳಿಗೆ ಮಟ್ಟ ಇಳಿಯುತ್ತಲೇ ಇದ್ದರೆ ಬರೀ ತುಂಬಿಸುತ್ತಾ ಹೋಗಬೇಡ, ಎಲ್ಲಿ ಸೋರುತ್ತದೆ ಎಂದು ಹುಡುಕಿಸು.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬ ಮುಚ್ಚಿದ್ದರೂ ರಬ್ಬರ್ ಹೋಸುಗಳ ಮೂಲಕ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ತೂಕದಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಅದೇ ಮಿತಿ 140 ಮತ್ತು 155ಕ್ಕೆ ಬೀಳುತ್ತದೆ. ಈಗ ಆಗುಂಬೆ ಘಾಟಿ ಇಳಿಯುವುದನ್ನು ಯೋಚಿಸು. ಹದಿನಾಲ್ಕು ತಿರುವು, ಒಂದೊಂದಕ್ಕೂ ಬ್ರೇಕ್, ಬ್ರೇಕ್ ಪ್ಯಾಡ್ ಕಾದು, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಾಯುತ್ತದೆ. ಒಳಗಿನ ದ್ರವ ಕುದಿದು ಗುಳ್ಳೆ ಎದ್ದರೆ ಆ ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸು. ನಿನ್ನದು ಹಳೆಯ ಕಾರಾದ್ದರಿಂದ ಹಿಂದಿನವರು ಯಾವಾಗ ಬದಲಿಸಿದರು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಈ ಪತ್ತನಾಜೆಗೇ ಮಾಡಿಸಿಬಿಡು. ‘ಮಾಡಿಸು’ ಎಂದೆ, ‘ಮಾಡು’ ಎನ್ನಲಿಲ್ಲ. ಲೈನಿನೊಳಗೆ ಗಾಳಿ ಸೇರದಂತೆ ನಾಲ್ಕೂ ಚಕ್ರದಲ್ಲಿ ದ್ರವವನ್ನು ಹೊರಬಿಟ್ಟು ಬ್ಲೀಡ್ ಮಾಡುವ ಕೆಲಸ ಅದು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರಿನಲ್ಲಿ ಹೊಸಬರ ಕೈಗೆ ಬೇಡ. ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿಯಲಿ, ಬ್ರೇಕನ್ನು ಒತ್ತಿ ಬಿಡು, ಒತ್ತಿ ಬಿಡು, ಒತ್ತಿಕೊಂಡೇ ಇಳಿಯಬೇಡ.

ನಿನ್ನ ಪಾಲಿನ ಕೆಲಸ ಮಟ್ಟ ನೋಡುವುದು. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಸರಿದು, ಡಬ್ಬದಲ್ಲಿ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಹಾಗಾಗಿ ಇಳಿದದ್ದು ಕಂಡ ಕೂಡಲೇ ತುಂಬಿಸಬೇಡ, ಮೊದಲು ಪ್ಯಾಡ್ ನೋಡು. ಚಕ್ರದ ಕಂಡಿಯಿಂದ ಟಾರ್ಚ್ ಹಾಕಿದರೆ ಡಿಸ್ಕಿಗೆ ತಾಗಿದ ಪ್ಯಾಡಿನ ದಪ್ಪ ಕಾಣುತ್ತದೆ. ಉಕ್ಕಿನ ಹಲಗೆ ಬಿಟ್ಟು ಬರೀ ಉಜ್ಜುವ ಭಾಗ 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಹೊತ್ತು. ಒಂದೇ ವಾರದಲ್ಲಿ ಮಟ್ಟ ಜರ್ರನೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಕಾರು ತೆಗೆಯಲೇಬೇಡ. ಈ ದ್ರವ ಬಣ್ಣದ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ಕೂಡಲೇ ನೀರು ಹಾಕು. ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕಿಗೆ ತೆಳ್ಳಗೆ ತುಕ್ಕು ಹಿಡಿದು, ಬೆಳಿಗ್ಗೆಯ ಮೊದಲ ಕೆಲವು ಬ್ರೇಕಿಗೆ ಕರಕರ ಎನ್ನುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಒಂದು ವಾರ ಕಾರು ನಿಲ್ಲಿಸಿ ಊರಿಗೆ ಹೋಗುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡ, ಹಿಂದಿನ ಬ್ರೇಕ್ ಡ್ರಮ್ಮಿಗೆ ಒಳಗಿನ ಬ್ರೇಕ್ ಶೂ ಅಂಟಿಕೊಂಡುಬಿಡುತ್ತದೆ. ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರಿಗೆ ಹಾಕಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಡು.

ಬ್ಯಾಟರಿಯ ಟರ್ಮಿನಲ್ ಒಮ್ಮೆ ಹತ್ತಿರದಿಂದ ನೋಡು. ಬಿಳಿ ಅಥವಾ ನೀಲಿಹಸಿರು ಪುಡಿ ಕೂತಿದ್ದರೆ ಅದೇ ನಿನ್ನ ಮೊದಲ ‘ಬಿಚ್ಚುವ’ ಕೆಲಸ. ಹೆಚ್ಚಿನ ಕಾರುಗಳಿಗೆ ಇಲ್ಲಿ 10 ಎಂಎಂ ಸ್ಪ್ಯಾನರ್ ಸಾಕು. ಮೊದಲು ಕಪ್ಪು, ಅಂದರೆ ನೆಗೆಟಿವ್ ಬಿಚ್ಚು, ಆಮೇಲೆ ಕೆಂಪು. ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಈ ಕ್ರಮಕ್ಕೆ ಕಾರಣ ಉಂಟು. ಕಾರಿನ ಇಡೀ ಬಾಡಿ ನೆಗೆಟಿವ್‌ಗೆ ಸೇರಿದೆ. ಕಪ್ಪು ಇನ್ನೂ ಜೋಡಿಸಿರುವಾಗ ಕೆಂಪನ್ನು ಬಿಚ್ಚಲು ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ನೇರ ಶಾರ್ಟ್. ಸ್ಪ್ಯಾನರ್ ಕೆಂಪಗೆ ಕಾಯುವಷ್ಟು ಕರೆಂಟ್ ಹರಿಯುತ್ತದೆ. ಕಪ್ಪು ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ಕೈಗೆ ಉಂಗುರ, ಲೋಹದ ವಾಚ್ ಇದ್ದರೆ ತೆಗೆದಿಡು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜು. ಆಸಿಡ್ ಇದ್ದಲ್ಲಿ ಬುಸುಬುಸು ನೊರೆ ಬರುತ್ತದೆ. ನೊರೆ ನಿಂತ ಮೇಲೆ ಚೊಕ್ಕ ನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಬಿಗಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರು. ಉಪ್ಪುಗಾಳಿಗೆ ಈ ಸವರುವಿಕೆ ಬಹಳ ಕೆಲಸ ಮಾಡುತ್ತದೆ. ಬಿಗಿದ ಕ್ಲಾಂಪ್ ಕೈಯಲ್ಲಿ ತಿರುಗಿಸಿದರೆ ಅಲುಗಬಾರದು. ಕಾರು ಸ್ಟಾರ್ಟ್ ಆಗದೆ ಬರೀ ಟಿಕ್ ಟಿಕ್ ಎನ್ನುವಾಗ ಎಷ್ಟೋ ಸಲ ಬ್ಯಾಟರಿ ಸರಿಯಿದ್ದು, ಸಡಿಲವಾದ ಕ್ಲಾಂಪೇ ಕಾರಣವಾಗಿರುತ್ತದೆ.

ಒಂದು ಮಲ್ಟಿಮೀಟರ್ ತೆಗೆದುಕೊ, ಅದಕ್ಕೆ ದುಬಾರಿಯದ್ದು ಬೇಡ. ರಾತ್ರಿ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ತೋರಿಸಿದರೆ ತುಂಬಿದೆ. 12.2 ಎಂದರೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು; 12ರಲ್ಲೇ ನಿಂತಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಯ ತೊಂದರೆ ಅದು. ಮೂರರಿಂದ ಐದು ವರ್ಷ ಬ್ಯಾಟರಿಯ ಸಾಮಾನ್ಯ ಆಯುಸ್ಸು, ನಿನ್ನದರ ಮೇಲಿರುವ ತಾರೀಕು ನೋಡಿಕೊ.

ಟೈರಿನ ಗಾಳಿ ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ತಣ್ಣಗಿರುವಾಗಲೇ ಅಳೆ, ಓಡಿ ಬಿಸಿಯಾದ ಟೈರ್ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಟೈರ್ ಸವೆದ ರೀತಿಯೇ ಎಷ್ಟೋ ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡುಭಾಗ ಸವೆದಿದ್ದರೆ ಹೆಚ್ಚಿತ್ತು, ಒಂದೇ ಅಂಚು ತಿಂದಿದ್ದರೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸು. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 3519 ಎಂದಿದ್ದರೆ 2019ರ 35ನೇ ವಾರ ತಯಾರಾದದ್ದು. ತೋಡಿನಲ್ಲಿರುವ ಸಣ್ಣ ದಿಣ್ಣೆಗಳು 1.6 ಮಿ.ಮೀ. ಆಳವನ್ನು ತೋರಿಸುತ್ತವೆ, ರಬ್ಬರ್ ಅದಕ್ಕೆ ಸಮವಾದರೆ ಟೈರ್ ಮುಗಿಯಿತು. ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಹೆದ್ದಾರಿ 66ರಲ್ಲಿ ನಿಂತ ನೀರಿನ ಮೇಲೆ 80ರ ವೇಗದಲ್ಲಿ ಹೋಗುವಾಗ ನೀರನ್ನು ಬದಿಗೆ ತಳ್ಳುವುದು ಆ ತೋಡುಗಳೇ. 3 ಮಿ.ಮೀ.ಗೆ ಇಳಿದ ಟೈರನ್ನು ಜೂನ್ ಒಳಗೆ ಬದಲಿಸು.

ಸ್ಟೆಪ್ನಿ ಹಾಕುವುದನ್ನು ಅಂಗಳದಲ್ಲೇ ಒಮ್ಮೆ ಅಭ್ಯಾಸ ಮಾಡು, ಮಳೆಯಲ್ಲಿ ರಸ್ತೆ ಬದಿಯಲ್ಲಿ ಕಲಿಯುವುದು ಬೇಡ. ಹ್ಯಾಂಡ್‌ಬ್ರೇಕ್ ಎಳೆದು ಗೇರಿಗೆ ಹಾಕು, ಒಳಗಿದ್ದವರನ್ನೆಲ್ಲ ಇಳಿಸು, ಎತ್ತುವ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರಕ್ಕೆ ಅಡ್ಡ ಕೊಡು. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸು; ಎತ್ತಿದ ಮೇಲಾದರೆ ಚಕ್ರ ತಿರುಗುತ್ತದೆ, ಕಾರು ಜಾಕಿನಿಂದ ಜಾರಲೂಬಹುದು. ಜಾಕ್ ಕೊಡುವ ಜಾಗಕ್ಕೆ ಬಾಗಿಲಿನ ಕೆಳಗಿರುವ ಬಾಡಿಯ ಅಂಚಿನಲ್ಲಿ ಎರಡು ಕಚ್ಚು ಇರುತ್ತವೆ, ಕೈಯಾಡಿಸಿದರೆ ಸಿಗುತ್ತದೆ. ಬೇರೆಲ್ಲಿ ಕೊಟ್ಟರೂ ತಗಡು ಬಗ್ಗುತ್ತದೆ. ನೆನೆದ ಕೆಂಪುಮಣ್ಣಿನಲ್ಲಿ ಜಾಕಿನ ಕಾಲು ಹೂತುಹೋಗುವುದರಿಂದ ಒಂದಡಿ ಚೌಕದ ದಪ್ಪ ಹಲಗೆಯೊಂದನ್ನು ಡಿಕ್ಕಿಯಲ್ಲಿ ಖಾಯಂ ಇಟ್ಟಿರು. ಬಿಚ್ಚಿದ ಚಕ್ರವನ್ನು ಜಾಕಿನ ಪಕ್ಕ ಕಾರಿನಡಿ ಮಲಗಿಸಿಡು, ಜಾಕ್ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ. ಹಾಕುವಾಗ ನಟ್ಟಿನ ಓರೆ ಮಾಡಿದ ಬದಿ ಚಕ್ರದ ಕಡೆಗೆ ಬರಲಿ, ಒಂದು ಬಿಟ್ಟು ಒಂದರಂತೆ ಎದುರುಬದುರಾಗಿ ಬಿಗಿ. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಬಿಗಿಯುವುದು ಬೇಡ, ನಟ್ಟು ಕೂರುವ ಸ್ಟಡ್ ಹಿಗ್ಗಿ ಮುಂದೊಂದು ದಿನ ತುಂಡಾಗುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ; ಟಾರ್ಕ್ ರೆಂಚ್ ಇದ್ದರೆ ಮ್ಯಾನುವಲ್ ನೋಡಿ ಹಾಕು. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡು.

ಇಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ ಮಾರಾಯ. ಮನೆಯ ಬದಿಯಲ್ಲಿ ಗೋಡೆ ಕಟ್ಟುವ ಕೆಂಪು ಮುರಕಲ್ಲು ರಾಶಿ ಬಿದ್ದಿರುತ್ತದೆ, ಕಾರನ್ನು ಎತ್ತಿ ಅದರ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಿಬಿಡುವ ಎಂದು ಯಾರಿಗಾದರೂ ಅನಿಸುತ್ತದೆ. ಮುರಕಲ್ಲು ಗೋಡೆಯಲ್ಲಿ ಹರಡಿದ ಭಾರ ಹೊರುತ್ತದೆ, ಒಂದೇ ಬಿಂದುವಿನ ಮೇಲೆ ಬಿದ್ದ ಕಾರಿನ ಭಾರಕ್ಕೆ ಮುನ್ಸೂಚನೆ ಇಲ್ಲದೆ ಒಡೆದು ಪುಡಿಯಾಗುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ಬರೀ ಜಾಕಿನ ಮೇಲಿರುವ ಕಾರಿನಡಿಗೆ ಕೈಯನ್ನೂ ಹಾಕಬಾರದು. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಕ್ಸಲ್ ಸ್ಟ್ಯಾಂಡ್ ಜೋಡಿ ಇಲ್ಲದೆ, ಕಾಂಕ್ರೀಟ್ ನೆಲವಿಲ್ಲದೆ ಕಾರಿನ ಕೆಳಗಿನ ಯಾವ ಕೆಲಸವೂ ನಿನ್ನದಲ್ಲ.

ಇನ್ನು ಮಳೆಯ ತಯಾರಿ. ವೈಪರ್ ಬ್ಲೇಡ್ ಬೇಸಿಗೆಯ ಬಿಸಿಲಿಗೆ ಗಟ್ಟಿಯಾಗಿ, ಜೂನ್ ಮೊದಲ ಮಳೆಯಲ್ಲಿ ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಎರಡು ಬದಿಯ ಅಳತೆ ಹೆಚ್ಚಾಗಿ ಬೇರೆ ಬೇರೆ, ನೋಡಿಕೊಂಡು ತಾ. ತೋಳನ್ನು ಎತ್ತಿ, ಕೊಕ್ಕೆಯ ಹತ್ತಿರದ ಸಣ್ಣ ಲಾಕ್ ಒತ್ತಿ, ಬ್ಲೇಡನ್ನು ತೋಳಿನ ಬುಡದ ಕಡೆಗೆ ಜಾರಿಸಿದರೆ ಕಳಚಿಕೊಳ್ಳುತ್ತದೆ. ಬ್ಲೇಡ್ ಇಲ್ಲದ ತೋಳು ಸ್ಪ್ರಿಂಗಿಗೆ ಪಟ್ಟನೆ ಬಿದ್ದರೆ ಗಾಜು ಬಿರುಕು ಬಿಡುತ್ತದೆ, ಅದಕ್ಕೇ ಮೊದಲು ಒಂದು ದಪ್ಪ ಟವೆಲ್ ಗಾಜಿನ ಮೇಲೆ ಹಾಸು.

ವೈಪರಿನ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಜಾಲರಿ ಉಂಟಲ್ಲ, ಅದರಡಿ ಎರಡೂ ಬದಿಯಲ್ಲಿ ನೀರು ಇಳಿಯುವ ದಾರಿ ಇರುತ್ತದೆ. ಹಲಸಿನ ಮರ, ಮಾವಿನ ಮರದಡಿ ನಿಲ್ಲುವ ಕಾರಿನಲ್ಲಿ ಎಲೆ ಕೊಳೆತು ಆ ದಾರಿ ಮುಚ್ಚಿಹೋಗುತ್ತದೆ. ಎಲೆಯೆಲ್ಲ ಹೆಕ್ಕಿ, ಒಂದೊಂದು ಬದಿಗೆ ಒಂದೊಂದು ಬಾಟಲಿ ನೀರು ಸುರಿ. ನೀರು ನಿಲ್ಲದೆ ಮುಂದಿನ ಚಕ್ರದ ಹಿಂಬದಿಯಿಂದ ನೆಲಕ್ಕೆ ಇಳಿದರೆ ದಾರಿ ತೆರೆದಿದೆ. ಕಟ್ಟಿಕೊಂಡಿದ್ದರೆ ಆಟಿ ತಿಂಗಳ (ಆಷಾಢದ) ಜಡಿಮಳೆಗೆ ಅದೇ ನೀರು ಬ್ಲೋವರ್ ದಾರಿಯಾಗಿ ಎಡಗಡೆಯ ಕಾಲಡಿಗೆ ಬರುತ್ತದೆ. ಮ್ಯಾಟಿನಡಿ ಒದ್ದೆ ಕಂಡಾಗ ಒಂದು ಪರೀಕ್ಷೆ: ಮಳೆ ಇಲ್ಲದ ದಿನ ಎಸಿ ಹಾಕಿದಾಗಲೂ ಒದ್ದೆಯಾಗುತ್ತಿದ್ದರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದೆ, ಮಳೆಗೆ ಮಾತ್ರ ಆದರೆ ಈ ಜಾಲರಿಯ ಕೆಳಗಿನ ದಾರಿ ಅಥವಾ ಬಾಗಿಲ ರಬ್ಬರ್. ಬಾಗಿಲುಗಳ ಕೆಳ ಅಂಚಿನಲ್ಲೂ ಸಣ್ಣ ತೂತುಗಳಿರುತ್ತವೆ. ಹಿಡಿಸೂಡಿಯ ಕಡ್ಡಿ ಹಾಕಿ ಒಂದೊಂದನ್ನೂ ಬಿಡಿಸು. ಬಾಗಿಲು ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ತೂತು ಮುಚ್ಚಿದೆ ಎಂದೇ ಅರ್ಥ, ತುಕ್ಕು ಅಲ್ಲಿಂದಲೇ ಶುರು.

ಏರ್ ಫಿಲ್ಟರ್ ಡಬ್ಬದ ಕ್ಲಿಪ್ಪುಗಳನ್ನು ಬಿಚ್ಚಿ ಒಳಗೆ ನೋಡು. ಬೇಸಿಗೆಯ ಕೆಂಪು ಧೂಳು ತುಂಬಿದ್ದರೆ ನೆಲಕ್ಕೆ ಮೆಲ್ಲಗೆ ಬಡಿದು ಉದುರಿಸು. ಗಾಳಿ ಹೊಡೆಯುವುದಾದರೆ ಚೊಕ್ಕ ಬದಿಯಿಂದ ಕೊಳೆ ಬದಿಗೆ, ದೂರದಿಂದ. ಒದ್ದೆಯಾಗಿದ್ದರೆ, ಕಾಗದ ಹರಿದಿದ್ದರೆ ಬದಲಿಸುವುದೇ ದಾರಿ. ಮಳೆಗೆ ಇಲಿಗಳು ಬೆಚ್ಚಗಿನ ಜಾಗ ಹುಡುಕುತ್ತವೆ. ಈ ಡಬ್ಬದಲ್ಲಿ ತೆಂಗಿನ ನಾರು, ಅಡಿಕೆ ಸಿಪ್ಪೆ, ಹರಿದ ಫಿಲ್ಟರ್ ಚೂರು ಸಿಕ್ಕರೆ ಪಕ್ಕದ ವೈರುಗಳನ್ನೂ ಟಾರ್ಚ್ ಹಾಕಿ ಉದ್ದಕ್ಕೂ ನೋಡು. ಎಸಿ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿ ಇಳಿಸಿದರೆ ಮುಚ್ಚಳ ಕಾಣುತ್ತದೆ. ಹೊಸದರ ಮೇಲಿನ ಬಾಣದ ಗುರುತು ಹಳೆಯದು ಇದ್ದ ದಿಕ್ಕಿಗೇ ಇರಲಿ. ಮನೆ ತಲುಪಲು ಎರಡು ಮೂರು ನಿಮಿಷ ಇರುವಾಗ ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಬಿಟ್ಟರೆ ಒಳಗಿನ ಕಾಯಿಲ್ ಒಣಗಿ ಬೂಸ್ಟು ವಾಸನೆ ಕಡಿಮೆಯಾಗುತ್ತದೆ.

ಫಿಲ್ಟರ್ ಡಬ್ಬದಿಂದ ಮುಂದಕ್ಕೆ ಹೋಗುವ ಗಾಳಿಯ ಕೊಳವೆಯ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಈಗಲೇ ನೋಡಿಟ್ಟುಕೊ. ಎಷ್ಟೋ ಕಾರಿನಲ್ಲಿ ಅದು ಗ್ರಿಲ್ಲಿನ ಮೇಲಂಚಿನಲ್ಲಿ, ಕೆಲವಲ್ಲಿ ಇನ್ನೂ ಕೆಳಗೆ ಇರುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯಂತಹ ಕಡೆ ನೀರು ತುಂಬಿ ಎದುರಿನ ಬಸ್ಸು ತೆರೆ ಎಬ್ಬಿಸಿದರೆ ಆ ಬಾಯಿಗೆ ನೀರು ಮುಟ್ಟಲು ಹೆಚ್ಚು ಹೊತ್ತು ಬೇಡ. ನಿಂತ ನೀರು ಅರ್ಧ ಚಕ್ರಕ್ಕೆ ಬರುವಂತಿದ್ದರೆ ಹೋಗಲೇಬೇಡ. ಹೋಗಿ ನೀರಿನಲ್ಲಿ ಎಂಜಿನ್ ನಿಂತರೆ ಯಾರು ಏನೇ ಹೇಳಲಿ, ಮತ್ತೆ ಸ್ಟಾರ್ಟ್ ಮಾಡಬೇಡ. ಸಿಲಿಂಡರಿನೊಳಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ ಮೇಲೆ ಬಂದಾಗ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ತಳ್ಳಿ ಹೊರಗೆ ತಂದು, ಎಳೆಸಿಕೊಂಡು ಗ್ಯಾರೇಜಿಗೆ ಹೋಗು. ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಹೆಚ್ಚಾಗಿ ಹಣ ಸಿಗುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಬೇಕಾಗುತ್ತದೆ. ನಿನ್ನ ಪಾಲಿಸಿಯಲ್ಲಿ ಅದು ಇದೆಯೇ ಎಂದು ಮಳೆಗೆ ಮೊದಲು ಓದು.

ಆಯುಧಪೂಜೆಗೆ ಎಲ್ಲರೂ ಕಾರಿನ ಮೇಲ್ಭಾಗ ತಿಕ್ಕಿ ತೊಳೆಯುತ್ತೇವೆ, ಕೆಳಭಾಗಕ್ಕೆ ಯಾರೂ ನೀರು ಹಾಕುವುದಿಲ್ಲ. ಚಕ್ರದ ಕಮಾನಿನ ಒಳ ಅಂಚಿಗೆ ಬೆರಳು ಹಾಕಿ ನೋಡು, ಮಳೆಗಾಲದ ಕೆಂಪುಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದು ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ಪೈಪ್ ನೀರು ಬಿಟ್ಟು ನೆನೆಸಿ, ಮಣ್ಣು ಪೂರ್ತಿ ಬಿಡುವವರೆಗೆ ತೊಳೆ. ಮಲ್ಪೆ, ಪಣಂಬೂರಿನಲ್ಲಿ ಮರಳಿನ ಹತ್ತಿರ ನಿಲ್ಲಿಸಿ ಬಂದ ದಿನವೂ, ಮರವಂತೆಯ ರಸ್ತೆಯಲ್ಲಿ ಸಮುದ್ರದ ಗಾಳಿಗೆ ಮೈಯೊಡ್ಡಿ ಬಂದ ಮೇಲೂ ಕೆಳಗೆ ಸಿಹಿನೀರು ಹಾಯಿಸು. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದಾದರೆ ಏಪ್ರಿಲ್–ಮೇ ತಿಂಗಳ ಒಣಹವೆಯಲ್ಲೇ ಮಾಡಿಸು. ಒದ್ದೆಯ ಮೇಲೆ, ಇರುವ ತುಕ್ಕಿನ ಮೇಲೆ ಬಳಿದರೆ ತುಕ್ಕು ಒಳಗೊಳಗೇ ಬೆಳೆಯುತ್ತದೆ. ನೀರು ಇಳಿಯುವ ತೂತುಗಳನ್ನು ಮುಚ್ಚದಂತೆ ಹತ್ತಿರ ನಿಂತು ನೋಡಿಕೊ.

ಈಗ ಸ್ಪ್ಯಾನರಿಗೆ ಬರುವ. 8ರಿಂದ 19 ಎಂಎಂವರೆಗಿನ ರಿಂಗ್ ಸ್ಪ್ಯಾನರ್, ಅದೇ ಅಳತೆಯ ಸಾಕೆಟ್ ಸೆಟ್ ಒಂದು, ಎರಡು ಸ್ಕ್ರೂಡ್ರೈವರ್, ಪ್ಲಯರ್, ಫನೆಲ್, ನೈಟ್ರೈಲ್ ಗ್ಲೋವ್ಸ್. ಹೆಚ್ಚು ತುಂಡುಗಳ ಅಗ್ಗದ ಸೆಟ್ಟಿಗಿಂತ ಕಡಿಮೆ ತುಂಡುಗಳ ಒಳ್ಳೆಯದು ತಾ. ಮೆತ್ತನೆ ಸ್ಪ್ಯಾನರ್ ಬೋಲ್ಟಿನ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ, ತುಕ್ಕು ಹಿಡಿದ ಬೋಲ್ಟಿನಲ್ಲಿ ಅದು ದೊಡ್ಡ ತಲೆನೋವು. ಜೊತೆಗೆ 10, 15, 20 ಆಂಪಿಯರಿನ ಫ್ಯೂಸ್ ಎರಡೆರಡು: ಕೆಂಪು, ನೀಲಿ, ಹಳದಿ. ಹೋದದ್ದರ ಜಾಗಕ್ಕೆ ಅದೇ ಆಂಪಿಯರಿನದ್ದನ್ನೇ ಹಾಕಬೇಕು. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರ್ ಸುಡುತ್ತದೆ.

ನಿನ್ನ ಕೈಯಿಂದಲೇ ಆಯಿಲ್ ಬದಲಿಸುವುದನ್ನು ಎರಡನೇ ವರ್ಷಕ್ಕೆ ಇಟ್ಟುಕೊ, ಈ ವರ್ಷ ಗ್ಯಾರೇಜಿನಲ್ಲೇ ಮಾಡಿಸು. ನಿನ್ನ ಕಾರಿಗೆ ವಾರಂಟಿ ಮುಗಿದಿರುವುದರಿಂದ ಅಡ್ಡಿಯಿಲ್ಲ. ಕೆಲಸ ದೊಡ್ಡದಲ್ಲ: ಎಂಜಿನ್ ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿ ಹದಿನೈದು ನಿಮಿಷ ಇಳಿಯಲು ಬಿಡುವುದು, ಫಿಲ್ಟರ್ ತೆಗೆಯುವುದು, ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿಯುವುದು, ಬೋಲ್ಟಿಗೆ ಹೊಸ ವಾಷರ್, ಆಮೇಲೆ ಮ್ಯಾನುವಲ್ ಹೇಳಿದ ದರ್ಜೆಯ ಆಯಿಲ್, ಉದಾಹರಣೆಗೆ 5ಡಬ್ಲ್ಯೂ-30 ಅಥವಾ 0ಡಬ್ಲ್ಯೂ-20. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಮೂರು ಮೂರೂವರೆ ಲೀಟರ್ ಸಾಮಾನ್ಯ. ತಪ್ಪುವುದು ಎರಡು ಕಡೆ. ಒಂದು, ಹಳೆಯ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸದು ಕೂತರೆ, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲೆಲ್ಲ ಹೊರಗೆ. ಎರಡು, ಡ್ರೈನ್ ಬೋಲ್ಟನ್ನು ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಸಂಪಿನ ಥ್ರೆಡ್ ಕಿತ್ತುಬರುತ್ತದೆ. ತೆಗೆದ ಆಯಿಲನ್ನು ತೋಟಕ್ಕೋ ಚರಂಡಿಗೋ ಚೆಲ್ಲಬೇಡ. ನಮ್ಮ ಬಾವಿಗಳು ಅಂಗಳದಲ್ಲೇ ಇರುತ್ತವೆ, ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಅದರ ಜೊತೆ ಈ ಆಯಿಲೂ ಇಳಿಯುತ್ತದೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸಿ ಕಳಿಸುವ ಗ್ಯಾರೇಜಿಗೆ ಕೊಡು.

ಏರ್‌ಬ್ಯಾಗಿನ ಹಳದಿ ಕನೆಕ್ಟರ್, ಎಸಿ ಗ್ಯಾಸ್, ಟೈಮಿಂಗ್ ಬೆಲ್ಟ್, ಪೆಟ್ರೋಲ್ ಪೈಪ್, ಇವಕ್ಕೆ ಕೈ ಹಾಕಬೇಡ. ಓಡಿಸುವಾಗ ಚೆಕ್ ಎಂಜಿನ್ ದೀಪ ಸುಮ್ಮನೆ ಉರಿದರೆ ಎರಡು ದಿನದಲ್ಲಿ ತೋರಿಸಬಹುದು, ಆದರೆ ಮಿಣುಕುತ್ತಿದ್ದರೆ ಆಗಲೇ ಬದಿಗೆ ನಿಲ್ಲಿಸು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ.

ಒಂದು ಸಣ್ಣ ನೋಟ್‌ಬುಕ್ಕನ್ನು ಕಾರಿನಲ್ಲೇ ಇಡು. ತಾರೀಕು, ಕಿಲೋಮೀಟರ್, ಆಯಿಲ್ ಮತ್ತು ಕೂಲೆಂಟ್ ಮಟ್ಟ, ನಾಲ್ಕು ಟೈರಿನ ಗಾಳಿ, ಅಷ್ಟೇ ಬರೆದರೂ ಸಾಕು. ಗ್ಯಾರೇಜಿಗೆ ಹೋದಾಗ ‘ಏನೋ ಸದ್ದು ಬರ್ತದೆ’ ಎನ್ನುವ ಬದಲು ‘ಎಂಜಿನ್ ತಣ್ಣಗಿರುವಾಗ, ಎಡಕ್ಕೆ ತಿರುಗಿಸುವಾಗ ಮಾತ್ರ ಬರುತ್ತದೆ’ ಎಂದು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಹುಡುಕಾಟ ತಪ್ಪುತ್ತದೆ.

ಈ ಭಾನುವಾರ ಬಾನೆಟ್ ತೆರೆದು ಮೇಲಿನಿಂದ ಒಂದು ಫೋಟೋ, ಬ್ಯಾಟರಿ ಟರ್ಮಿನಲ್ ಹತ್ತಿರದಿಂದ ಒಂದು, ನಾಲ್ಕೂ ಟೈರಿನ ನಾಲ್ಕಂಕಿಯ ನಂಬರ್ ಕಳಿಸು. ಯಾವ ಡಬ್ಬ ಯಾವುದು ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಬ್ರೇಕ್ ಆಯಿಲ್ ಬದಲಿಸಿದ ಬಿಲ್ ಇದೆಯೇ ಎಂದು ಕಾರು ಕೊಟ್ಟವರನ್ನು ಇವತ್ತೇ ಕೇಳು.

ನಿನ್ನ,
ಪ್ರಕಾಶ